ಬಳಸಿದ ಬಟ್ಟೆ ಕೊಳ್ಳುವಾಗ ಎಲ್ಲೆಲ್ಲಿ ನೋಡಬೇಕು

ನಾಲ್ಕು ಒಗೆತಕ್ಕೆ ಆಕಾರ ಕೆಡುವ ಅಗ್ಗದ ಹೊಸ ಬಟ್ಟೆಗಿಂತ, ಇನ್ನೊಬ್ಬರು ತೊಟ್ಟು ಬಿಟ್ಟ ಗಟ್ಟಿ ಬಟ್ಟೆ ಎಷ್ಟೋ ಮೇಲು. ಅದಕ್ಕೆ ಬೇಕಾದ ಹತ್ತಿ ಬೆಳೆದಾಗಿದೆ, ಬಣ್ಣಕ್ಕೆ ಬೇಕಾದ ನೀರು ಖರ್ಚಾಗಿಹೋಗಿದೆ. ಜೊತೆಗೆ ಅದು ಪರೀಕ್ಷೆಯನ್ನೂ ಮುಗಿಸಿ ಬಂದಿದೆ: ಕುಗ್ಗುವುದು ಬಹುಪಾಲು ಕುಗ್ಗಿದೆ, ಬಣ್ಣ ಬಿಡುವುದು ಬಿಟ್ಟಿದೆ, ಸಡಿಲ ಹೊಲಿಗೆ ಬಿಚ್ಚಿಕೊಂಡಿದೆ. ಹೊಸದರಲ್ಲಿ ಅಡಗಿರುವ ದೋಷ ಇದರಲ್ಲಿ ಕಣ್ಣಿಗೇ ಬೀಳುತ್ತದೆ.

ಆದರೆ ಅಗ್ಗವೆಂದು ಚೀಲ ತುಂಬಿಕೊಂಡು ಬಂದರೆ ಹಳೆಯ ಚಾಳಿಯೇ ಬೇರೆ ಅಂಗಡಿಯಲ್ಲಿ ಮುಂದುವರಿದಂತೆ. ಮೊದಲು ಕಪಾಟು ತೆರೆದು, ನಿಜವಾಗಿ ಏನು ಬೇಕೆಂದು ಬರೆದುಕೊಳ್ಳಿ. ‘ಒಂದು ಅಂಗಿ’ ಎಂದು ಬರೆದರೆ ಸಾಲದು. ‘ಉದ್ದ ತೋಳಿನ, ತಿಳಿ ಬಣ್ಣದ ಹತ್ತಿ ಅಂಗಿ’ ಎಂದು ಬರೆಯಿರಿ.

ಅಳತೆ

ಲೇಬಲ್ಲಿನ ಸೈಜನ್ನು ನಂಬಬೇಡಿ. ಒಂದು ಕಂಪನಿಯ ಎಂ ಇನ್ನೊಂದರ ಎಲ್ ಆಗಿರುತ್ತದೆ. ಕಾಲ ಕಳೆದಂತೆ ಅದೇ ಕಂಪನಿಯ ಅಳತೆಯೂ ಬದಲಾಗಿರುತ್ತದೆ. ನಿಮಗೆ ಚೆನ್ನಾಗಿ ಕೂರುವ ಒಂದು ಅಂಗಿ, ಒಂದು ಪ್ಯಾಂಟನ್ನು ಮೇಜಿನ ಮೇಲೆ ಹರಡಿ ಅಳೆದುಕೊಳ್ಳಿ. ಅಂಗಿಗೆ ಒಂದು ಕಂಕುಳಿನಿಂದ ಇನ್ನೊಂದಕ್ಕೆ, ಒಂದು ಭುಜದ ಹೊಲಿಗೆಯಿಂದ ಇನ್ನೊಂದಕ್ಕೆ, ತೋಳಿನ ಉದ್ದ. ಪ್ಯಾಂಟಿಗೆ ನಡುವಿನ ಅಗಲ, ಕವಲಿನಿಂದ ನಡುಪಟ್ಟಿಯವರೆಗೆ, ಕವಲಿನಿಂದ ಪಾದದವರೆಗೆ. ಇವನ್ನು ಫೋನಿನಲ್ಲಿ ಬರೆದಿಟ್ಟು, ಟೇಪನ್ನು ಜೇಬಿಗೆ ಹಾಕಿಕೊಂಡು ಹೊರಡಿ. ಹಿಗ್ಗದ ಬಟ್ಟೆಯ ಅಂಗಿಯಾದರೆ ಅದರ ಎದೆ ಸುತ್ತಳತೆ ನಿಮ್ಮ ಎದೆಗಿಂತ 8–10 ಸೆಂ.ಮೀ. ಹೆಚ್ಚಿರಬೇಕು. ಇಲ್ಲದಿದ್ದರೆ ಕೈ ಚಾಚಿದಾಗ ಬೆನ್ನು ಬಿಗಿಯುತ್ತದೆ.

ಭುಜ ಸರಿಯಿಲ್ಲದ ಕೋಟನ್ನು ಅಲ್ಲೇ ಬಿಡಿ. ಭುಜ ತಿದ್ದಬೇಕೆಂದರೆ ತೋಳು ಬಿಚ್ಚಿ ಇಡೀ ಮೇಲ್ಭಾಗವನ್ನೇ ಮತ್ತೆ ಕಟ್ಟಬೇಕು. ನಡು ಕಿರಿದು ಮಾಡುವುದು, ಉದ್ದ ಕಡಿಮೆ ಮಾಡುವುದು ಸುಲಭ. ಅಗಲ ಮಾಡಬೇಕೆಂದರೆ ಒಳಗಿನ ಹೊಲಿಗೆಯ ಪಕ್ಕದಲ್ಲಿ ಬಟ್ಟೆ ಉಳಿದಿರಬೇಕು. ಎರಡೂ ಬದಿಯಲ್ಲಿ ಒಂದೊಂದು ಸೆಂ.ಮೀ. ಬಿಡಿಸಬಹುದಾದರೆ ಸುತ್ತಳತೆ 4 ಸೆಂ.ಮೀ. ಹೆಚ್ಚುತ್ತದೆ. ಬಣ್ಣ ಮಾಸಿದ ಬಟ್ಟೆಯಾದರೆ ಹಳೆಯ ಹೊಲಿಗೆಯ ಗೆರೆ ಗಾಢವಾಗಿ ಉಳಿದುಬಿಡುತ್ತದೆ ಎಂಬುದು ನೆನಪಿರಲಿ. ಚರ್ಮದಲ್ಲಂತೂ ಸೂಜಿಯ ತೂತು ಎಂದಿಗೂ ಮುಚ್ಚುವುದಿಲ್ಲ.

ಬೆಳಕಿಗೆ ಹಿಡಿಯಿರಿ, ಒಳಗನ್ನು ಹೊರಗೆ ಮಾಡಿ

ಮುಂಭಾಗ ನೋಡಿ ಮರುಳಾಗುವುದೇ ಹೆಚ್ಚಿನವರ ತಪ್ಪು. ಬಟ್ಟೆ ಸವೆಯುವುದು ಮೈ ಉಜ್ಜುವ ಕಡೆ: ಕಂಕುಳು, ಮೊಣಕೈ, ಕಾಲರಿನ ಮಡಿಕೆ, ತೋಳಿನ ತುದಿ, ಒಳತೊಡೆ. ಈ ಐದು ಜಾಗಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿಯಿರಿ. ಉಳಿದ ಬಟ್ಟೆಗಿಂತ ಅಲ್ಲಿ ಹೆಚ್ಚು ಬೆಳಕು ತೂರಿ ಬಂದರೆ ನೇಯ್ಗೆ ತೆಳುವಾಗಿದೆ, ಬೇಗ ಹರಿಯುತ್ತದೆ. ಮಾಮೂಲಿ ನೀಲಿ ಜೀನ್ಸಿನಲ್ಲಿ ಉದ್ದದ ಎಳೆ ನೀಲಿ, ಅಡ್ಡದ ಎಳೆ ಬಿಳಿ. ಒಳತೊಡೆಯಲ್ಲಿ ಬರೀ ಬಿಳಿ ಎಳೆಗಳೇ ಕಾಣುತ್ತಿದ್ದರೆ ಉದ್ದದ ಎಳೆಗಳು ಸವೆದುಹೋಗಿವೆ ಎಂದರ್ಥ. ತೂತು ಬೀಳುವ ಮೊದಲೇ ಒಳಗಿನಿಂದ ತೇಪೆ ಕೊಟ್ಟರೆ ಅದು ಬಹುಕಾಲ ಬಾಳುತ್ತದೆ.

ಆಮೇಲೆ ಬಟ್ಟೆಯನ್ನು ಮಗುಚಿ ಹೊಲಿಗೆ ನೋಡಿ. ಒಂದು ಸೆಂ.ಮೀ.ಗೆ 4–5 ಹೊಲಿಗೆ ಇದ್ದರೆ ಅಂಗಿ ಗಟ್ಟಿ. ಎರಡು ಮೂರೇ ಇದ್ದರೆ ಅವಸರದ ಕೆಲಸ. ಹೊಲಿಗೆಯ ಎರಡೂ ಬದಿ ಹಿಡಿದು ಮೆಲ್ಲಗೆ ಎಳೆಯಿರಿ. ನಡುವೆ ದಾರ ಏಣಿಯಂತೆ ಕಂಡರೆ ಹೊಲಿಗೆ ಸಡಿಲ, ಅದನ್ನು ಮತ್ತೆ ಹೊಲಿಸಬಹುದು. ಆದರೆ ದಾರ ನೆಟ್ಟಗಿದ್ದು ಬಟ್ಟೆಯ ಎಳೆಗಳೇ ಜರುಗಿದರೆ ದೋಷ ನೇಯ್ಗೆಯದು. ಅದಕ್ಕೆ ಮದ್ದಿಲ್ಲ.

ಹಿಗ್ಗುವ ಬಟ್ಟೆಯನ್ನು ಅಡ್ಡಕ್ಕೆ ಎಳೆದು, ಐದು ಸೆಕೆಂಡ್ ಹಿಡಿದು ಬಿಡಿ. ಹಿಂದಿನ ಆಕಾರಕ್ಕೆ ಮರಳದಿದ್ದರೆ, ಅಥವಾ ಮೇಲ್ಮೈಯಲ್ಲಿ ಸಣ್ಣ ರಬ್ಬರಿನಂಥ ಎಳೆಗಳು ಎದ್ದಿದ್ದರೆ ಒಳಗಿನ ಸ್ಪ್ಯಾಂಡೆಕ್ಸ್ ಎಂಬ ಹಿಗ್ಗುವ ನೂಲು ಸತ್ತಿದೆ. ಯಾವ ಟೈಲರೂ ಅದಕ್ಕೆ ಜೀವ ತುಂಬಲಾರರು. ಹಳೆಯ ರೇಷ್ಮೆಯನ್ನು ಮಡಿಕೆ ಬಿದ್ದಿದ್ದ ಕಡೆ ಪರೀಕ್ಷಿಸಿ. ಎಷ್ಟೋ ಸಲ ಮೊದಲು ಸೀಳುವುದು ಅಲ್ಲೇ. ಕೃತಕ ಚರ್ಮದ ಜಾಕೆಟ್ಟು, ಚೀಲಗಳ ಮಡಿಕೆಯಲ್ಲಿ ಸಿಪ್ಪೆ ಏಳುತ್ತಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಗಾಳಿಯ ತೇವವೇ ಅದರ ಮೇಲಿನ ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ ಪದರವನ್ನು ಒಡೆಯುತ್ತದೆ, ಶುರುವಾದ ಮೇಲೆ ನಿಲ್ಲುವುದಿಲ್ಲ. ಕೆಲವು ಶೂಗಳ ಅಟ್ಟೆಯೂ ಅದೇ ವಸ್ತುವಿನದು: ಬಳಸದೆ ಇಟ್ಟರೂ ಪುಡಿಯಾಗುತ್ತದೆ. ಹೆಬ್ಬೆರಳಿನಿಂದ ಒತ್ತಿ ನೋಡಿ.

ಜಿಪ್ಪನ್ನು ಪೂರ್ತಿ ತೆರೆದು ಮುಚ್ಚಿ. ಎಳೆದ ಹಿಂದೆಯೇ ಬಾಯಿ ಬಿಡುತ್ತಿದ್ದರೆ ಹೆಚ್ಚಾಗಿ ಸ್ಲೈಡರ್, ಅಂದರೆ ಹಲ್ಲುಗಳ ಮೇಲೆ ಜಾರುವ ತುಂಡು, ಅಗಲವಾಗಿರುತ್ತದೆ. ಇಕ್ಕಳದಿಂದ ಎರಡೂ ಬದಿ ಚೂರೇ ಒತ್ತಿದರೆ ಸಾಕು. ಹಲ್ಲು ಬಿದ್ದಿದ್ದರೆ ಜಿಪ್ಪನ್ನೇ ಬದಲಿಸಬೇಕು, ಆ ಕೂಲಿಯನ್ನೂ ಬೆಲೆಗೆ ಸೇರಿಸಿ ಲೆಕ್ಕ ಹಾಕಿ. ಗುಂಡಿ ಹೋಗಿರುವುದು ದೋಷವೇ ಅಲ್ಲ.

ಆನ್‌ಲೈನಿನಲ್ಲಿ ಕೊಳ್ಳುವುದಾದರೆ ಮಾರುವವರಿಂದ ನಾಲ್ಕು ಫೋಟೋ ಕೇಳಿ: ಕಂಕುಳಿನ ಒಳಭಾಗ, ಕಾಲರಿನ ಒಳಭಾಗ, ಒಗೆತದ ಲೇಬಲ್, ಟೇಪು ಇಟ್ಟ ಎದೆಯಳತೆ. ಕಳಿಸಲು ಹಿಂಜರಿದರೆ ಬೇರೆಯವರನ್ನು ನೋಡಿ.

ಮನೆಗೆ ತಂದ ಮೇಲೆ

ನೇರವಾಗಿ ಕಪಾಟಿಗೆ ಇಡಬೇಡಿ. ತಿಗಣೆಯ ಮೊಟ್ಟೆ ಹೊಲಿಗೆಯ ಸಂದಿಯಲ್ಲಿದ್ದರೆ ಕಾಣುವುದೇ ಇಲ್ಲ. ಹತ್ತಿ, ಲಿನನ್ ಬಟ್ಟೆಗಳನ್ನು ಲೇಬಲ್ ಒಪ್ಪುವುದಾದರೆ 60 ಡಿಗ್ರಿ ನೀರಿನಲ್ಲಿ ಒಗೆಯಿರಿ. ಬಿಸಿ ತಾಳದ ಉಣ್ಣೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಉಣ್ಣೆ ತಿನ್ನುವ ಹುಳುವಿಗೂ ಇದೇ ಉಪಾಯ. ಹೊರತೆಗೆದ ಚೀಲವನ್ನು ತಣ್ಪು ಆರುವವರೆಗೆ ಬಿಚ್ಚಬೇಡಿ, ಬಟ್ಟೆಯ ಮೇಲೆ ನೀರು ಕೂರುತ್ತದೆ.

ಮುಗ್ಗಲು ವಾಸನೆಗೆ ನಾಲ್ಕು ಲೀಟರ್ ನೀರಿಗೆ ಒಂದು ಕಪ್ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿ, ಆಮೇಲೆ ಒಗೆಯಿರಿ. ನುಸಿಗುಳಿಗೆಯ ವಾಸನೆ ಹೋಗಲು ಗಾಳಿಯೇ ಬೇಕು: ದಿನಗಟ್ಟಲೆ ನೆರಳಿನಲ್ಲಿ ತೂಗುಹಾಕಿ. ಸುಗಂಧ ಚಿಮುಕಿಸಿದರೆ ಎರಡು ವಾಸನೆ ಸೇರಿ ಇನ್ನೂ ಕೆಡುತ್ತದೆ.

ಕಂಕುಳಿನ ಹಳದಿ ಕಲೆ ಕಂಡು ಎಷ್ಟೋ ಒಳ್ಳೆಯ ಬಿಳಿ ಅಂಗಿಗಳನ್ನು ಜನ ಬಿಟ್ಟುಬಿಡುತ್ತಾರೆ. ಅದು ಬೆವರು ಮತ್ತು ಡಿಯೋಡರೆಂಟಿನ ಅಲ್ಯುಮಿನಿಯಂ ಸೇರಿ ಆದದ್ದು. ಕ್ಲೋರಿನ್ ಬ್ಲೀಚ್ ಹಾಕಿದರೆ ಹಳದಿ ಮತ್ತಷ್ಟು ಗಾಢವಾಗುತ್ತದೆ. ಬದಲಿಗೆ ಆಮ್ಲಜನಕದಿಂದ ಕಲೆ ತೆಗೆಯುವ ಸೋಡಿಯಂ ಪರ್‌ಕಾರ್ಬೊನೇಟ್ ಪುಡಿ ತನ್ನಿ. 40–50 ಡಿಗ್ರಿಯ ನಾಲ್ಕು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಕರಗಿಸಿ, ಆರು ಗಂಟೆ ನೆನೆಸಿ ಒಗೆಯಿರಿ. ತಣ್ಣೀರಿನಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಆಮ್ಲಜನಕ ಹೊರಬರುವುದರಿಂದ ಬಕೆಟ್ಟಿಗೆ ಮುಚ್ಚಳ ಬಿಗಿಯಬೇಡಿ. ಉಣ್ಣೆ, ರೇಷ್ಮೆಗೆ ಇದು ಕೂಡದು, ಎಳೆಯೇ ಹಾಳಾಗುತ್ತದೆ. ವಿನೆಗರನ್ನು ಮಾತ್ರ ಯಾವತ್ತೂ ಕ್ಲೋರಿನ್ ಬ್ಲೀಚಿನ ಜೊತೆ ಬೆರೆಸಬೇಡಿ, ವಿಷಾನಿಲ ಏಳುತ್ತದೆ. ಬಟ್ಟೆಯೊಳಗೆ ಇಳಿದ ಕಪ್ಪು ಬೂಷ್ಟಿನ ಚುಕ್ಕೆ ಮಾತ್ರ ಸಾಮಾನ್ಯವಾಗಿ ಹೋಗುವುದಿಲ್ಲ. ಅಂಥದ್ದನ್ನು ಅಂಗಡಿಯಲ್ಲೇ ಬಿಡಿ.

ಲೇಬಲ್ ಕಿತ್ತುಹೋಗಿದ್ದರೆ ಒಳಹೊಲಿಗೆಯ ಅಂಚಿನಿಂದ ಬಟ್ಟೆಯದೇ ಒಂದು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು, ಲೋಹದ ತಟ್ಟೆಯ ಮೇಲೆ ಸುಡಿ. ಕಾಗದ ಸುಟ್ಟ ವಾಸನೆ, ಹಗುರ ಬೂದಿ ಬಂದರೆ ಹತ್ತಿ ಅಥವಾ ಅದರ ಬಳಗ. ಕೂದಲು ಸುಟ್ಟ ವಾಸನೆ ಬಂದು, ಕರಿಯ ಉಂಡೆ ಬೆರಳಿಗೆ ಪುಡಿಯಾದರೆ ಉಣ್ಣೆ ಇಲ್ಲವೇ ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್‌ನಂಥ ಕೃತಕ ನೂಲು. ಮಣಿ ಪೂರ್ತಿ ಆರುವವರೆಗೆ ಮುಟ್ಟಬೇಡಿ, ಚರ್ಮಕ್ಕೆ ಅಂಟಿ ಸುಡುತ್ತದೆ.

ತೊಟ್ಟು ಮುಗಿದ ಬಟ್ಟೆಯನ್ನು ಮುಂದಿನವರಿಗೆ ದಾಟಿಸುವಾಗ ಒಗೆದು, ಗುಂಡಿ ಹಾಕಿ, ದೋಷವಿದ್ದರೆ ಹೇಳಿ ಕೊಡಿ. ಹರಿದು ಚಿಂದಿಯಾದದ್ದನ್ನು ದಾನದ ಪೆಟ್ಟಿಗೆಗೆ ಹಾಕಬೇಡಿ. ಅದನ್ನು ಆರಿಸಿ ಎಸೆಯುವ ಕೆಲಸ ಇನ್ನೊಬ್ಬರ ತಲೆಗೆ ಬೀಳುತ್ತದೆ. ಹತ್ತಿಯದಾದರೆ ಒರೆಸುವ ಬಟ್ಟೆಗೆ ಕತ್ತರಿಸಿ, ನೀರು ಚೆನ್ನಾಗಿ ಹೀರುತ್ತದೆ. ಪಾಲಿಯೆಸ್ಟರ್ ಹೀರುವುದಿಲ್ಲ, ಅದನ್ನು ದಿಂಬಿನೊಳಗೆ ತುಂಬಿ. ಕತ್ತರಿ ಹಾಕುವ ಮೊದಲು ಗುಂಡಿ, ಜಿಪ್, ಕೊಕ್ಕೆಗಳನ್ನು ಬಿಚ್ಚಿ ಡಬ್ಬಿಗೆ ಹಾಕಿಡಿ.