ಬಾಲ ಮೊದಲು ಮಾಸುತ್ತದೆ

ಪಾರ್ಕಿನ್ಸನ್ ಕಾಯಿಲೆಯ ಸಂಶೋಧನೆಯಲ್ಲಿ ಮಿದುಳಿನ ಸ್ಕ್ಯಾನ್‌ಗಳನ್ನು ಅಳೆಯುವುದು ನನ್ನ ಕೆಲಸ. ಒಬ್ಬರೇ ರೋಗಿಯ ಎರಡು ಸ್ಕ್ಯಾನ್‌ಗಳನ್ನು, ಮೊದಲನೆಯದು ಮತ್ತು ಎರಡು ವರ್ಷಗಳ ನಂತರದ್ದು, ಅಕ್ಕಪಕ್ಕದಲ್ಲಿಟ್ಟು ನೋಡುತ್ತೇನೆ.

ಆರಂಭದ ಹಂತದಲ್ಲಿ ಸಾಮಾನ್ಯ ಎಂಆರ್‌ಐ ಈ ಕಾಯಿಲೆಯನ್ನು ತೋರಿಸುವುದು ಕಡಿಮೆ. ಹಾಗಾಗಿ ನಾವು ಡ್ಯಾಟ್ ಸ್ಕ್ಯಾನ್ ಬಳಸುತ್ತೇವೆ. ವಿಕಿರಣ ಸೂಸುವ ಅಯೋಡಿನ್-123 ಸೇರಿಸಿದ ದ್ರವವನ್ನು ರಕ್ತನಾಳಕ್ಕೆ ಕೊಟ್ಟರೆ, ಅದು ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ, ಈ ಕಾಯಿಲೆಯಲ್ಲಿ ನಶಿಸುವ ನರಕೋಶಗಳ ತುದಿಗಳಿಗೆ ಹೋಗಿ ಅಂಟಿಕೊಳ್ಳುತ್ತದೆ. ಥೈರಾಯ್ಡ್ ಗ್ರಂಥಿ ಅದನ್ನು ಹೀರಿಕೊಳ್ಳದಂತೆ ಮೊದಲೇ ಔಷಧ ಕೊಟ್ಟಿರುತ್ತೇವೆ. 3ರಿಂದ 6 ಗಂಟೆಗಳ ನಂತರ ಚಿತ್ರ ತೆಗೆಯುತ್ತೇವೆ. ಆರೋಗ್ಯವಂತರಲ್ಲಿ ಎಡಕ್ಕೂ ಬಲಕ್ಕೂ ಅಲ್ಪವಿರಾಮ ಚಿಹ್ನೆಯ ಆಕಾರವೊಂದು ಹೊಳೆಯುತ್ತದೆ. ಪಾರ್ಕಿನ್ಸನ್‌ನಲ್ಲಿ ಅದರ ಬಾಲ, ಅಂದರೆ ಮಿದುಳಿನ ಆಳದಲ್ಲಿ ಚಲನೆಗೆ ನೆರವಾಗುವ ಪ್ಯುಟಾಮೆನ್ ಎಂಬ ಭಾಗದ ಹಿಂಬದಿ, ಮೊದಲು ಮಾಸುತ್ತದೆ. ಕೊನೆಗೆ ಚುಕ್ಕೆಯಷ್ಟೇ ಉಳಿಯುತ್ತದೆ. ಬಲಗೈ ನಡುಗುವವರಲ್ಲಿ ಸಾಮಾನ್ಯವಾಗಿ ಎಡಬದಿಯ ಬಾಲ ಹೆಚ್ಚು ಮಾಸಿರುತ್ತದೆ.

ಕಣ್ಣಳತೆ ಸಾಲದು. ಪ್ಯುಟಾಮೆನ್‌ನ ಹೊಳಪನ್ನು ತಲೆಯ ಹಿಂಭಾಗದ ಆಕ್ಸಿಪಿಟಲ್ ಹಾಲೆಯ ಹೊಳಪಿಗೆ ಹೋಲಿಸಿ ಒಂದು ಅನುಪಾತ ತೆಗೆಯುತ್ತೇವೆ. ಡೋಪಮಿನ್ ತುದಿಗಳು ಆ ಹಾಲೆಯಲ್ಲಿ ತೀರಾ ವಿರಳ, ಆದ್ದರಿಂದ ಅದೇ ನಮ್ಮ ಶೂನ್ಯ.

ಈ ಕೆಲಸ ಶುರುಮಾಡಿದ ವರ್ಷ ಒಬ್ಬರ ಎರಡನೇ ಸ್ಕ್ಯಾನ್‌ನಲ್ಲಿ ಅನುಪಾತ ತೀವ್ರವಾಗಿ ಕುಸಿದಿತ್ತು. ಕಾಯಿಲೆ ಇಷ್ಟು ವೇಗವಾಗಿ ಬೆಳೆಯಿತೇ ಎಂದು ನನಗೆ ದಿಗಿಲಾಯಿತು. ಆದರೆ ನಡಿಗೆ, ಕೈಚಲನೆಗಳ ಪರೀಕ್ಷೆಯ ಅಂಕಗಳು ಹೆಚ್ಚು ಬದಲಾಗಿರಲಿಲ್ಲ. ಔಷಧದಿಂದ ಹಾಗಾಗಿರಬಹುದೇ ಎಂದು ವಿಚಾರಿಸಿದೆ; ಔಷಧ ಬಿಟ್ಟು ಮಾಡಿದ ಪರೀಕ್ಷೆಯೂ ಅದನ್ನೇ ಹೇಳುತ್ತಿತ್ತು. ಎರಡೂ ಚಿತ್ರಗಳನ್ನು ಅವರ ಎಂಆರ್‌ಐ ಮೇಲೆ ಹೊಂದಿಸಿದಾಗ ಕಾರಣ ಸಿಕ್ಕಿತು. ಎರಡನೇ ಬಾರಿ ತಲೆ ಓರೆಯಾಗಿತ್ತು; ನಾನು ಗುರುತಿಸಿದ ವಲಯದ ಒಂದು ಭಾಗ ಪ್ಯುಟಾಮೆನ್‌ನಿಂದ ಆಚೆಗೆ ಬಿದ್ದಿತ್ತು. ಸರಿಪಡಿಸಿ ಅಳೆದಾಗ ಇಳಿಕೆ ಇತ್ತು, ಆದರೆ ಸಣ್ಣದು. ಆ ತಪ್ಪು ಅಂಕಿ ವರದಿಯಲ್ಲಿ ಹೋಗಿದ್ದರೆ ಎಂದು ಇಂದಿಗೂ ನೆನೆದು ಅಂಜುತ್ತೇನೆ.

ಅಂದಿನಿಂದ ತಲೆಯ ಕೋನ, ಯಂತ್ರ, ಚುಚ್ಚುಮದ್ದಿನ ನಂತರ ಕಳೆದ ಸಮಯ ಎಲ್ಲವನ್ನೂ ಅಂಕಿಯ ಪಕ್ಕದಲ್ಲೇ ಬರೆಯುತ್ತೇನೆ. ಬುಪ್ರೊಪಿಯಾನ್, ಮೀಥೈಲ್‌ಫೆನಿಡೇಟ್‌ನಂತಹ ಔಷಧಗಳು ಫಲಿತಾಂಶ ಕೆಡಿಸಬಲ್ಲವು, ಅದನ್ನೂ ಕೇಳಿ ದಾಖಲಿಸುತ್ತೇನೆ. ಬಾಲ ಮಾಸಿದ ಮಾತ್ರಕ್ಕೆ ಪಾರ್ಕಿನ್ಸನ್ ಎಂದೂ ಬರೆಯುವುದಿಲ್ಲ. ಪಾರ್ಕಿನ್ಸನ್‌ನಂತೆಯೇ ಕಾಣುವ ಮಲ್ಟಿಪಲ್ ಸಿಸ್ಟಮ್ ಅಟ್ರೋಫಿ ಎಂಬ ಬೇರೊಂದು ಮಿದುಳಿನ ಕಾಯಿಲೆಯಲ್ಲೂ ಅದು ಹೀಗೆಯೇ ಮಾಸುತ್ತದೆ. ಎರಡನ್ನೂ ಬೇರ್ಪಡಿಸಲು ಈ ಸ್ಕ್ಯಾನ್‌ಗೆ ಆಗುವುದಿಲ್ಲ.