ಆಸ್ಪತ್ರೆಗೆ ಮೈಕ್ ಕಟ್ಟಿದ ಕಥೆ

ನಮ್ಮದು ಮೈಕ್‌ಸೆಟ್ ಅಂಗಡಿ. ಕೋಲಾರ ಜಿಲ್ಲೆಯ ಒಂದು ತಾಲ್ಲೂಕು ಊರು. ಮದುವೆ, ಜಾತ್ರೆ, ಗಣೇಶನ ಹಬ್ಬ, ಎಲೆಕ್ಷನ್ ಎಲ್ಲದಕ್ಕೂ ಮೈಕ್ ಕಟ್ಟಿದ್ದೇನೆ. ಆಸ್ಪತ್ರೆಗೆ ಕಟ್ಟುತ್ತೇನೆ ಅಂತ ಮಾತ್ರ ಯಾವತ್ತೂ ಅಂದುಕೊಂಡಿರಲಿಲ್ಲ.

ಅಮ್ಮನಿಗೆ ಶುಗರ್ ಇದೆ. ತಿಂಗಳಿಗೊಮ್ಮೆ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಖಾಲಿ ಹೊಟ್ಟೆಯಲ್ಲಿ ಒಂದು ಸಲ ರಕ್ತ ಕೊಡಬೇಕು, ಆಮೇಲೆ ತಿಂಡಿ ತಿಂದು ಎರಡು ಗಂಟೆ ಕಳೆದ ಮೇಲೆ ಇನ್ನೊಂದು ಸಲ ಕೊಡಬೇಕು. ಈ ಎರಡನೇದು ಎಷ್ಟೋ ಜನಕ್ಕೆ ಗೊತ್ತೇ ಇರೋದಿಲ್ಲ. ಒಂದು ದಿನ ನಮ್ಮ ಬೆಂಚಿನಲ್ಲೇ ಕೂತಿದ್ದ ಹಿರಿಯರೊಬ್ಬರು, ಮೊದಲ ಬಸ್ಸಿಗೆ ಹಳ್ಳಿಯಿಂದ ಬಂದವರು, ಒಂದು ಸಲ ರಕ್ತ ಕೊಟ್ಟು ಟವೆಲ್ ಕೊಡವಿಕೊಂಡು ಊರಿಗೆ ಹೊರಟೇಬಿಟ್ಟರು. ಅಮ್ಮ ಕೂಗಿ ನಿಲ್ಲಿಸಿದಳು. "ಅಣ್ಣಾ, ಇನ್ನೊಂದು ಸಲ ಕೊಡಬೇಕು, ಇಡ್ಲಿ ತಿಂದು ಬನ್ನಿ." ಅವರು ವಾಪಸ್ ಬಂದು ಕೂತರು. ಅಮ್ಮ ಅಲ್ಲಿ ಇಲ್ಲದಿದ್ದರೆ ಅವರ ಅರ್ಧ ದಿನದ ಕೂಲಿ, ಬಸ್ ಚಾರ್ಜು ಎರಡೂ ದಂಡ. ಇದನ್ನೇ ಮೈಕಲ್ಲಿ ಒಂದು ಸಲ ಹೇಳಿದರೆ ಅಲ್ಲಿ ಕೂತ ಎಲ್ಲರಿಗೂ ಕೇಳಿಸುತ್ತೆ ಅಲ್ವಾ ಅಂತ ಅವತ್ತು ತಲೆಗೆ ಬಂತು.

ಇದು ಹೊಸದೇನೂ ಅಲ್ಲ. ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ 2003ರಲ್ಲೇ 'ನಮ್ಮ ಧ್ವನಿ' ಅಂತ ಊರಿನವರದ್ದೇ ರೇಡಿಯೊ ಶುರುವಾಗಿತ್ತು. ಆಗ ಸಂಘ ಸಂಸ್ಥೆಗಳಿಗೆ ಎಫ್‌ಎಂ ಲೈಸೆನ್ಸ್ ಕೊಡುತ್ತಿರಲಿಲ್ಲ, ಅದು ಬಂದಿದ್ದು 2006ರಲ್ಲಿ. ಹಾಗಾಗಿ ಅವರು ಟಿವಿ ಕೇಬಲ್ ಮೂಲಕ ಮನೆಮನೆಗೆ ದನಿ ಕಳಿಸಿದರು. ಸ್ತ್ರೀಶಕ್ತಿ ಸಂಘಗಳ ಥರದ ಗುಂಪುಗಳ ಹೆಂಗಸರೇ ಕೂತು ಕಾರ್ಯಕ್ರಮ ಮಾಡಿದರು. ಗಾಳಿಯಲ್ಲಿ ಬಿಡಬೇಕಾದರೆ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕು. ಆದರೆ ಒಂದು ಕಟ್ಟಡದೊಳಗೆ ವೈರ್ ಎಳೆಯೋದು ನನ್ನ ದಿನದ ಕೆಲಸ.

ವೈದ್ಯಾಧಿಕಾರಿಯನ್ನು ಕೇಳಿದೆ. ಅವರು ಆಸ್ಪತ್ರೆಯ ಆಗುಹೋಗು ನೋಡಿಕೊಳ್ಳೋ ಆರೋಗ್ಯ ರಕ್ಷಾ ಸಮಿತಿ ಮುಂದೆ ಇಟ್ಟರು. ಒಪ್ಪಿಗೆ ಸಿಕ್ಕಿತು, ಷರತ್ತೂ ಬಂತು. ಜಾಹೀರಾತು ಇಲ್ಲ, ರಾಜಕೀಯ ಇಲ್ಲ, ಮಾತ್ರೆ ಹೆಸರು ಹೇಳೋ ಹಾಗಿಲ್ಲ, ಹೇಳೋ ಪ್ರತಿ ಮಾತನ್ನೂ ಮೊದಲು ಒಬ್ಬ ಡಾಕ್ಟರ್ ಕೇಳಿ ಸರಿ ಅನ್ನಬೇಕು. ಈ ಕೊನೆಯ ಷರತ್ತು ತುಂಬಾ ಒಳ್ಳೆಯದು. ನೀವು ಎಲ್ಲಾದರೂ ಮಾಡುವುದಾದರೆ ಅವರು ಕೇಳದಿದ್ದರೂ ನೀವೇ ಹಾಕಿಕೊಳ್ಳಿ.

ಸಾಮಾನಿನ ವಿಷಯ. ಹಾರ್ನ್ ಬೇಡವೇ ಬೇಡ, ಅದು ಬಯಲಿಗೆ. ಒಳಗೆ ಕಟ್ಟಿದರೆ ಗೋಡೆಗೆ ಬಡಿದು ಒಂದು ಮಾತೂ ಅರ್ಥ ಆಗಲ್ಲ. ಒಂದು ದೊಡ್ಡ ಬಾಕ್ಸ್ ಜೋರಾಗಿ ಇಡುವ ಬದಲು ಸಣ್ಣ ಕಾಲಂ ಬಾಕ್ಸ್ ಐದು ಹಾಕಿ, ಎಲ್ಲವನ್ನೂ ಮೆಲ್ಲಗೆ ಇಟ್ಟೆ. ಚೀಟಿ ಕೌಂಟರ್ ಹತ್ತಿರ ಒಂದು, ಲ್ಯಾಬ್ ಮುಂದೆ ಒಂದು, ಔಷಧಿ ಕೊಡೋ ಕಡೆ ಒಂದು, ಓಪಿಡಿ ಬೆಂಚುಗಳ ಮೇಲೆ ಎರಡು. ಒಂದೊಂದಕ್ಕೆ ಹತ್ತು ವ್ಯಾಟ್, ಅಂಗಡಿಯಲ್ಲಿ ಸುಮ್ನೆ ಬಿದ್ದಿದ್ದ 80 ವ್ಯಾಟಿನ ಆಂಪ್ಲಿಫೈಯರ್, ನೂರು ವೋಲ್ಟ್ ಲೈನ್. ಲೈನಿನಲ್ಲಿ ಹಾಕಿದರೆ ವೈರ್ ಉದ್ದ ಹೋದರೂ ದನಿ ಅಷ್ಟಾಗಿ ಕುಗ್ಗಲ್ಲ. ವಾರ್ಡು, ಹೆರಿಗೆ ಕೋಣೆ, ಎಮರ್ಜೆನ್ಸಿ ಕಡೆಗೆ ಒಂದೂ ಹಾಕಿಲ್ಲ. ಸೌಂಡ್ ಎಷ್ಟಿರಬೇಕು ಅಂತ ನೋಡೋಕೆ ಬೆಂಚಿನಲ್ಲಿ ಕೂತು ಪಕ್ಕದವರ ಹತ್ತಿರ ಮಾಮೂಲಿ ದನಿಯಲ್ಲಿ ಮಾತಾಡುತ್ತೇನೆ. ನಾನು ದನಿ ಏರಿಸಬೇಕಾಗಿ ಬಂದರೆ ಜಾಸ್ತಿ ಆಯಿತು ಅಂತ ಅರ್ಥ.

ಮೊದಲ ವಾರ ಯಾರೂ ಕೇಳಲಿಲ್ಲ. ನಾವು ಭಾಷಣ ಬರೆದುಕೊಂಡು ಹೋಗಿದ್ದೆವು. ಸ್ವಚ್ಛತೆಯ ಮಹತ್ವ, ಪೌಷ್ಟಿಕ ಆಹಾರ, ಹೀಗೆ. ಎರಡು ಗಂಟೆಯಿಂದ ಮಗು ಎತ್ತಿಕೊಂಡು ನಿಂತಿರುವ ತಾಯಿಗೆ ಆ ಹೊತ್ತಲ್ಲಿ ಇದು ಬೇಕಾ? ಅವಳಿಗೆ ಬೇಕಿರೋದು ಮಕ್ಕಳ ಡಾಕ್ಟರ್ ಬಂದಿದ್ದಾರಾ, ಯಾವ ರೂಮು, ಚೀಟಿ ಎಷ್ಟು ಗಂಟೆವರೆಗೆ ಕೊಡುತ್ತಾರೆ ಅನ್ನೋದು. ಎರಡನೇ ವಾರದಿಂದ ಅದನ್ನೇ ಮೊದಲು ಹೇಳಲು ಶುರು ಮಾಡಿದೆವು. ಇವತ್ತು ಯಾವ ಡಾಕ್ಟರ್ ಇದ್ದಾರೆ, ರಕ್ತದ ರಿಪೋರ್ಟ್ ಎಷ್ಟಕ್ಕೆ ಸಿಗುತ್ತೆ, ಶುಗರ್‌ನವರು ತಿಂಡಿಯ ಮೊದಲ ತುತ್ತು ತಿಂದ ಹೊತ್ತಿಂದ ಎರಡು ಗಂಟೆ ಲೆಕ್ಕ ಹಾಕಿ ಇಲ್ಲೇ ಇರಿ, ಹೋಗಬೇಡಿ. ಜನ ತಲೆ ಎತ್ತಿ ಬಾಕ್ಸ್ ಕಡೆ ನೋಡಲು ಶುರು ಮಾಡಿದರು. ಅವರಿಗೆ ಬೇಕಾದ್ದನ್ನು ಮೊದಲು ಕೊಟ್ಟರೆ, ಆಮೇಲೆ ನಾವು ಹೇಳೋದಕ್ಕೂ ಕಿವಿ ಕೊಡುತ್ತಾರೆ. ಇಷ್ಟು ದಿನದಲ್ಲಿ ನಾನು ಕಲಿತಿದ್ದರಲ್ಲಿ ಇದೇ ದೊಡ್ಡದು.

ಅತಿ ಹೆಚ್ಚು ಉಪಯೋಗ ಆಗಿದ್ದು ನಾಯಿ ಕಚ್ಚಿದ ವಿಷಯ. ನಮ್ಮ ಕಡೆ ನಾಯಿ ಕಚ್ಚಿದರೆ ಸುಣ್ಣ ಹಚ್ಚುತ್ತಾರೆ, ಖಾರದ ಪುಡಿ ಹಾಕುತ್ತಾರೆ, ಕಾಫಿ ಪುಡಿ ಮೆತ್ತುತ್ತಾರೆ. ಡಾಕ್ಟರ್ ಹೇಳೋದು ಒಂದೇ, ನಲ್ಲಿ ಕೆಳಗೆ ಗಾಯ ಹಿಡಿದು ಸೋಪು ಹಾಕಿ 15 ನಿಮಿಷ ತೊಳೆಯಿರಿ, ಏನೂ ಹಚ್ಚದೆ ಆಸ್ಪತ್ರೆಗೆ ಬನ್ನಿ. ಹದಿನೈದು ನಿಮಿಷ ಅಂದರೆ ಯಾರೂ ನಂಬಲ್ಲ. ಒಂದು ಸಲ ನೀರು ಹುಯ್ದುಕೊಂಡು ತೊಳೆದೆ ಅಂತಾರೆ. ಅದಕ್ಕೆ ನಾನು ಮನೆ ಹಿಂದಿನ ನಲ್ಲಿ ಬಿಟ್ಟು, ಕೆಳಗೆ ಅಲ್ಯೂಮಿನಿಯಂ ಬೋಸಿ ಇಟ್ಟು, ನೀರು ಬೀಳೋ ಸದ್ದನ್ನು ಮೊಬೈಲಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿದೆ. ಬೇರೇನೂ ಇಲ್ಲ, ಮಾತಿಲ್ಲ, ಹಾಡಿಲ್ಲ. ಓಪಿಡಿಯಲ್ಲಿ ಆ ಸದ್ದು ಹಾಕಿದಾಗ ಮೊದಲು ಎಲ್ಲರೂ ಎಲ್ಲೋ ನಲ್ಲಿ ಬಿಟ್ಟಿದ್ದಾರೆ ಅಂತ ಆ ಕಡೆ ಈ ಕಡೆ ನೋಡಿದರು. ಆಮೇಲೆ ದನಿ ಬಂತು. "ಇದು ಒಂದು ನಿಮಿಷ. ಇಂಥದ್ದು ಹದಿನೈದು." ಇಡೀ ಓಪಿಡಿ ಒಂದು ಗಳಿಗೆ ಗಪ್‌ಚಿಪ್ ಆಯಿತು.

ಸೂಜಿಯ ಲೆಕ್ಕವೂ ಹಾಗೇ. ನಮ್ಮಲ್ಲಿ ಚರ್ಮಕ್ಕೆ ಹಾಕೋ ಸೂಜಿ ನಾಲ್ಕು ದಿನ ಬರಬೇಕು, 0, 3, 7, 28. ಸೊನ್ನೆ ಅಂದರೆ ಯಾವ ದಿನ ಅಂತ ಜನಕ್ಕೆ ಗೊಂದಲ. ನರ್ಸಮ್ಮ ಒಬ್ಬರು ಹೇಳಿಕೊಟ್ಟ ಹಾಗೆ ವಾರದ ಲೆಕ್ಕದಲ್ಲಿ ಹೇಳಿದೆವು. ಸೋಮವಾರ ಮೊದಲ ಸೂಜಿ ಆದರೆ ಗುರುವಾರ ಎರಡನೇದು, ಮುಂದಿನ ಸೋಮವಾರ ಮೂರನೇದು, ಮೊದಲ ಸೂಜಿಯಿಂದ ನಾಲ್ಕು ವಾರ ತುಂಬಿದ ಸೋಮವಾರ ಕೊನೇದು. ಗಾಯ ಒಣಗಿತು ಅಂತ ಬಿಡಬೇಡಿ.

ಇದನ್ನು ತೆಲುಗಿನಲ್ಲಿ ಹೇಳಿದ್ದು ಗೇಟಿನ ಹತ್ತಿರ ಹೂವು ಮಾರುವ ಅಜ್ಜಿ. ನಮ್ಮ ಕಡೆ ಅರ್ಧ ಜನ ಮನೆಯಲ್ಲಿ ತೆಲುಗೇ ಮಾತಾಡೋದು, ಕನ್ನಡ ಅರ್ಥ ಆಗುತ್ತೆ, ಆದರೆ ಮನಸ್ಸಿಗೆ ಇಳಿಯೋದು ಮನೆ ಮಾತು. ಅಜ್ಜಿಗೆ ಹಿಂದಿನ ವರ್ಷ ನಾಯಿ ಕಚ್ಚಿತ್ತು, ನಾಲ್ಕೂ ಸೂಜಿ ತಗೊಂಡಿದ್ದರು. ಅಂಗಡಿಗೆ ಕರೆದು, ಶಾಮಿಯಾನದ ಬಟ್ಟೆ ಮೂಟೆಗಳ ನಡುವೆ ಕೂರಿಸಿ ರೆಕಾರ್ಡ್ ಮಾಡಿದೆ. ಬಟ್ಟೆ ಇದ್ದರೆ ಗೋಡೆ ಮಾತು ವಾಪಸ್ ಹೊಡೆಯಲ್ಲ. ಬರೆದುಕೊಟ್ಟ ಮಾತು ಅವರು ಹೇಳಲೇ ಇಲ್ಲ. "ಸಬ್ಬುತೋ ಕಡಗಂಡಿ", ಅಂದರೆ ಸೋಪು ಹಾಕಿ ತೊಳೆಯಿರಿ, ಅಂತ ಬೈದ ಹಾಗೆ ಹೇಳಿದರು. ಹಾಗೇ ಇಟ್ಟೆವು.

ಒಂದು ತಪ್ಪು ಮಾಡಿದೆ, ಅದನ್ನು ಬರೆಯದೆ ಬಿಡಬಾರದು. ಟಿಬಿ ಮಾತ್ರೆ ಬಂದಿತ್ತು. "ಟಿಬಿ ಮಾತ್ರೆ ತಗೊಳ್ಳೋರು ಹದಿನಾಲ್ಕನೇ ರೂಮಿಗೆ ಬನ್ನಿ" ಅಂತ ನಾನೇ ಮೈಕಲ್ಲಿ ಹೇಳಿಬಿಟ್ಟೆ. ಎದ್ದು ಹೋದವರನ್ನು ಬೆಂಚಿನವರೆಲ್ಲ ತಿರುಗಿ ನೋಡಿದರು. ಒಬ್ಬ ಹುಡುಗ, ಇಪ್ಪತ್ತು ವರ್ಷ ಇರಬಹುದು, ಕೈಯಲ್ಲಿ ಪುಸ್ತಕ ಹಿಡಿದಿದ್ದವನು, ಅದನ್ನು ಮಡಚಿ ಅಂಗಿಯೊಳಗೆ ಇಟ್ಟುಕೊಂಡ. ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಗೇಟಿನ ಕಡೆ ಹೋದ. ನಾನು ಹಿಂದೆ ಓಡಿದೆ, ಸಿಗಲಿಲ್ಲ. ಆರು ತಿಂಗಳು ಬಿಡದೆ ನುಂಗಬೇಕಾದ ಮಾತ್ರೆ ಅದು, ಮಧ್ಯೆ ಬಿಟ್ಟರೆ ಕಾಯಿಲೆ ಮೊಂಡಾಗುತ್ತೆ, ಆಮೇಲೆ ಆ ಮಾತ್ರೆಗೆ ಬಗ್ಗಲ್ಲ. ಟಿಬಿ ವಿಭಾಗದವರಿಗೆ ಹೇಳಿ ತಲೆ ತಗ್ಗಿಸಿ ನಿಂತೆ. ಅವರು ಆ ಹುಡುಗನ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿದರು, ಮರುದಿನ ಮಾತ್ರೆ ಮನೆಗೇ ತಲುಪಿತು. ಅವತ್ತಿಂದ ಮೈಕಲ್ಲಿ ರೂಮು ನಂಬರ್ ಮಾತ್ರ ಹೇಳುತ್ತೇವೆ. ಕಾಯಿಲೆ ಹೆಸರು ಹಿಡಿದು ಜನರನ್ನು ಕರೆಯೋದಿಲ್ಲ. ಎರಡು ವಾರ ಮೀರಿ ಕೆಮ್ಮಿದ್ದರೆ ಕಫ ಪರೀಕ್ಷೆ ಉಚಿತ ಅಂತ ಹೇಳುತ್ತೇವೆ, ಅದು ಎಲ್ಲರಿಗೂ ಹೇಳೋ ಮಾತು.

ಈಗ ನಾವು ಏಳು ಜನ ಇದ್ದೇವೆ. ಇಬ್ಬರು ಕಾಲೇಜು ಹುಡುಗಿಯರು, ಒಬ್ಬ ರಿಟೈರ್ಡ್ ಮೇಷ್ಟ್ರು, ಇಬ್ಬರು ಆಶಾ ಅಕ್ಕಂದಿರು, ಅಜ್ಜಿ, ನಾನು. ವಾರಕ್ಕೆ ಆರು ದಿನ, ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡೂವರೆ. ಯಾರಿಗೂ ದುಡ್ಡಿಲ್ಲ. ಮದುವೆ ಸೀಸನ್‌ನಲ್ಲಿ ನಾನು ಕೈ ಎತ್ತಿದಾಗ ಮೇಷ್ಟ್ರೇ ಸ್ವಿಚ್ ಹಾಕಿ ನಡೆಸುತ್ತಾರೆ.

ಬೋರ್‌ವೆಲ್ ನೀರಿನ ಫ್ಲೋರೈಡ್ ಬಗ್ಗೆ ಮೇಷ್ಟ್ರು ಮಾಡಿದ ಐದು ನಿಮಿಷದ ಮಾತು ಈಗ ಡಾಕ್ಟರ್ ಹತ್ತಿರ ಇದೆ. ನೀರು ಕುದಿಸಿದರೆ ಫ್ಲೋರೈಡ್ ಹೋಗಲ್ಲ ಅನ್ನೋದು ಅದರ ತಿರುಳು, ಎಷ್ಟೋ ಮನೆಗಳಲ್ಲಿ ಹೋಗುತ್ತೆ ಅಂತಲೇ ನಂಬಿದ್ದಾರೆ. ಉರ್ದು ಮಾತಾಡೋ ಒಬ್ಬ ಅಕ್ಕ ನಾಯಿ ಕಚ್ಚಿದ ಮಾತನ್ನು ಹೇಳಿಕೊಡಲು ಒಪ್ಪಿದ್ದಾರೆ. ಅಂಗಡಿಗೆ ಬರಲ್ಲವಂತೆ, ಮನೆಗೇ ಬನ್ನಿ ಅಂದಿದ್ದಾರೆ. ಭಾನುವಾರ ಒಂದು ಕಂಬಳಿ, ಮೊಬೈಲ್ ತಗೊಂಡು, ಕಾಲೇಜು ಹುಡುಗಿಯರನ್ನೂ ಕರೆದುಕೊಂಡು ಹೋಗಬೇಕು.