ಹಿತ್ತಲ ಹಳ್ಳಕ್ಕೆ ಕಲ್ಲು ಪಿಚಿಂಗ್ ಮಾಡಿದ್ದು, ಎರಡ್ನೇ ಸಲಕ್ಕೆ ನಿಂತಿದ್ದು

ನಮ್ಮನೆ ಹಿತ್ತಲಲ್ಲಿ ಒಂದು ಸಣ್ಣ ಹಳ್ಳ ಹರಿಯುತ್ತೆ, ಬೇಸಿಗೇಲಿ ಪಾದ ನೆನೆಯೋಷ್ಟು ನೀರು ಅಷ್ಟೇ, ಆದ್ರೆ ಮಳೆ ಜೋರಾಗಿ ಹೊಡೆದ ದಿನ ಸೊಂಟದವರೆಗೂ ಬರುತ್ತೆ. 3 ವರ್ಷದಲ್ಲಿ ತಿರುವಿನ ಹೊರಬದಿಯ ದಡ 4 ಅಡಿ ಕುಸಿದಿತ್ತು, ಅದರ ಮೇಲಿದ್ದ ಮರದ ಬೇರು ಗಾಳೀಲಿ ನೇತಾಡ್ತಿತ್ತು. ಆ ಮರ ಉಳಿಸ್ಕೋಬೇಕು ಅಂತಾನೇ ಪಿಚಿಂಗ್‌ಗೆ, ಅಂದ್ರೆ ದಡ ಕೊರೆಯದ ಹಾಗೆ ಕಲ್ಲು ಹೊದಿಸೋದಕ್ಕೆ, ಕೈ ಹಾಕಿದ್ದು.

ಮೊದಲ ಸಲ ಹಳ್ಳದಲ್ಲೇ ಸಿಕ್ಕ ಗುಂಡುಕಲ್ಲುಗಳ್ನ ದಡಕ್ಕೆ ಒತ್ತಿ ಜೋಡಿಸ್ದೆ. ಎರಡು ದೊಡ್ಡ ಮಳೆ ಆದ್ಮೇಲೆ ಅರ್ಧ ಉರುಳಿತ್ತು, ಉಳಿದಿದ್ರ ಸಂದಿಗೆ ಕೈ ಹಾಕಿ ನೋಡ್ತೀನಿ, ಮೊಣಕೈವರೆಗೂ ಒಳಗೆ ಹೋಯ್ತು! ಹಿಂದುಗಡೆ ಮಣ್ಣೇ ಇಲ್ಲ, ಬರೀ ಪೊಳ್ಳು. ನೀರು ಸಂದಿಯಿಂದ ಮಣ್ಣನ್ನ ಚೂರುಚೂರೇ ಎಳ್ಕೊಂಡು ಹೋಗಿತ್ತು, ಬುಡನೂ ಕೊರೆದಿತ್ತು, ಕೂರೋಕೆ ನೆಲೆ ಇಲ್ದೆ ಕಲ್ಲು ಬಿದ್ದಿತ್ತು.

ಎರಡ್ನೇ ಸಲ ನೀರು ಇಳಿದ ಕಾಲ ನೋಡ್ಕೊಂಡು, ಮೊದ್ಲೇ ಒಪ್ಪಿಗೆನೂ ತಗೊಂಡು (ನಮ್ಮ ಜಾಗದಲ್ಲಿ ಹರಿದ್ರೂ ಆ ನೀರು ಕೆಳಗಿನವರಿಗೂ ಸೇರಿದ್ದು, ಇದನ್ನ ತಪ್ಪಿಸ್ಬೇಡಿ) ಬುಡದಿಂದ ಶುರು ಮಾಡ್ದೆ. ನೆಟ್ಟಗಿದ್ದ ದಡನ 1 ಅಡಿ ಎತ್ತರಕ್ಕೆ 2 ಅಡಿ ಅಗಲ ಬರೋ ಹಾಗೆ ಇಳಿಜಾರು ಕಡಿದೆ, ಕಲ್ಲಿನ ದಪ್ಪಕ್ಕೂ ಸೇರಿಸಿ ಕಡೀಬೇಕು, ಇಲ್ಲಾಂದ್ರೆ ಹಳ್ಳ ಕಿರಿದಾಗಿ ನೀರಿನ ಸೆಳೆತ ಇನ್ನೂ ಹೆಚ್ಚುತ್ತೆ. ಮರದ ಹತ್ರ ಬೇರು ಕಡೀಲಿಲ್ಲ, ಅಲ್ಲಿ ಮಾತ್ರ ದೊಡ್ಡ ಕಲ್ಲುಗಳ್ನ ಮೆಟ್ಟಿಲ ಹಾಗೆ ಪೇರಿಸ್ದೆ. ಇಳಿಜಾರಿನ ಬುಡದಲ್ಲಿ ಹಳ್ಳದ ತಳಕ್ಕಿಂತ 2 ಅಡಿ ಆಳಕ್ಕೆ ಟ್ರೆಂಚ್ ತೋಡಿ ಅತಿ ದೊಡ್ಡ ಕಲ್ಲುಗಳ್ನ ಅದ್ರಲ್ಲಿ ಹೂತೆ. ತೋಡಿದಷ್ಟೂ ನೀರು ತುಂಬ್ಕೊಳ್ತಿತ್ತು, ನಾಲ್ಕು ದಿನ ಬರೀ ಇದಕ್ಕೇ ಹೋಯ್ತು, ಆದ್ರೂ ಬಿಡೋ ಹಾಗಿಲ್ಲ, ಮೇಲಿನ ಕಲ್ಲೆಲ್ಲ ಇದರ ಮೇಲೇ ನಿಲ್ಲೋದು.

ಆಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ, ಇದು ನೀರು ಬಿಡುತ್ತೆ ಮಣ್ಣು ತಡೆಯುತ್ತೆ. ಪ್ಲಾಸ್ಟಿಕ್ ಶೀಟ್ ಬೇಡ, ಹಿಂದೆ ನೀರು ಕಟ್ಕೊಂಡು ದೂಡುತ್ತೆ. ಬಟ್ಟೆಯ ತುಂಡುಗಳು ಸೇರೋ ಕಡೆ ಒಂದೂವರೆ ಅಡಿ ಒಂದರ ಮೇಲೊಂದು ಬರಬೇಕು, ನೀರು ಬರೋ ಕಡೆಯ ತುಂಡು ಮೇಲೆ, ಹೆಂಚು ಹೊದಿಸಿದ ಹಾಗೆ. ಅದರ ಮೇಲೆ 4 ಇಂಚು ಜಲ್ಲಿ.

ಈ ಸಲ ಕಲ್ಲು ಒಡೆದದ್ದು, ಮೂಲೆ ಚೂಪಿರೋದು, 5 ಇಂಚಿಂದ 15 ಇಂಚಿನವರೆಗೆ ಮಿಕ್ಸ್, ಕಲ್ಲಿನ ಪದರದ ಒಟ್ಟು ದಪ್ಪ 18 ಇಂಚು. ಸೈಜಲ್ಲಿ ಜಿಪುಣತನ ಮಾಡ್ಬೇಡಿ, ನೀರಿನ ವೇಗ 2 ಪಟ್ಟಾದ್ರೆ ತಡ್ಕೊಳ್ಳೋ ಕಲ್ಲಿನ ಅಡ್ಡಳತೆ ಸುಮಾರು 4 ಪಟ್ಟು ಇರಬೇಕು, ತೂಕದಲ್ಲಿ ಅದು 64 ಪಟ್ಟು. ಪ್ರತಿ ಕಲ್ಲನ್ನೂ ತಿರುಗಿಸಿ ತಿರುಗಿಸಿ ಕೂರಿಸ್ದೆ, ಮೇಲೆ ನಿಂತು ನೋಡೋದು, ಅಲ್ಲಾಡಿದ್ರೆ ತೆಗೆದು ಇನ್ನೊಂದು ಮಗ್ಗುಲಿಗೆ. ಸರಿಯಾಗಿ ಕೂತಾಗ ಅಕ್ಕಪಕ್ಕದ ಕಲ್ಲಿಗೆ ತಾಗಿ ಟಕ್ ಅನ್ನುತ್ತೆ, ಆ ಸದ್ದು ಕೇಳಿದ್ಮೇಲೇ ಮುಂದಿನದಕ್ಕೆ ಹೋಗ್ತಿದ್ದೆ.

ಕೆಲವು ಕಲ್ಲಿಗೆ ಪೇಂಟ್ ಗುರುತು ಹಾಕಿಟ್ಟಿದ್ದೆ. ಮೊದಲ ದೊಡ್ಡ ಮಳೆ ಇಳಿದ ಮೇಲೆ ಹೋಗಿ ನೋಡ್ದೆ, ಕೆಳತುದೀಲಿ ಎರಡು ಸರಿದಿದ್ವು, ಅಲ್ಲಿ ಪಿಚಿಂಗ್ ತುದಿನ ದಡದೊಳಕ್ಕೆ ತಿರುಗಿಸಿ ಹೂತಿರ್ಲಿಲ್ಲ, ಆಮೇಲೆ ಹೂತೆ. ಉಳಿದವು ಇಟ್ಟಲ್ಲೇ ಇವೆ. ಮರದ ಬುಡದ ಸಂದಿಗಳಲ್ಲಿ ಈಗ ನುಣ್ಣನೆ ಮರಳು ತುಂಬಿದೆ, ಅದರೊಳಗೆ ಎಳೆ ಬಿಳಿ ಬೇರು ಇಳೀತಿವೆ.